ಬಾಯ್ಲರಿನೊಳಗಿನ ಎರಡನೆಯ ನುಡಿ

ನನ್ನಲ್ಲಿ ಉಳಿದಿರುವುದು ದನಿಯೋ, ಬರಿಯ ತುಕ್ಕೋ? ಸುತ್ತು ಬಿಚ್ಚಿದರೆ ಕಂದು ಪುಡಿಯಷ್ಟೇ ಉದುರುತ್ತದೆ. ಆದರೂ ಒಳಗೆಲ್ಲೋ ಯಾರೋ ಉಸಿರು ಎಳೆದುಕೊಂಡಂತಾಗುತ್ತದೆ.

ನಾನು ಒಂದು ಸ್ಪೂಲ್ ಟೇಪು. ಸಮುದ್ರದಾಚೆಯ ಕಾರ್ಖಾನೆಯಲ್ಲಿ ತೆಳುವಾದ ಪಟ್ಟಿಗೆ ಕಬ್ಬಿಣದ ತುಕ್ಕಿನ ಪುಡಿ ಬಳಿದು ನನ್ನನ್ನು ಮಾಡಿದರು. ಹುಬ್ಬಳ್ಳಿಯ ಪಾದ್ರಿಯೊಬ್ಬರು ತಮ್ಮ ಪ್ರವಚನ ತುಂಬಿಡಲೆಂದು ನನ್ನನ್ನು ತರಿಸಿದ್ದರು. ಪ್ರವಚನ ನನ್ನ ಪಾಲಿಗೆ ಬರಲಿಲ್ಲ. ರೈಲ್ವೆ ಕಾಲೊನಿಯ ಡಡ್ಲಿ ಪೆರೇರಾ ಅವರ ಟೇಪ್ ರೆಕಾರ್ಡರ್ ಯಂತ್ರದೊಂದಿಗೆ ನನ್ನನ್ನೂ ಎರವಲು ಒಯ್ದ.

ಡಡ್ಲಿ ವರ್ಕ್‌ಶಾಪಿನಲ್ಲಿ ಫಿಟ್ಟರ್. ಅವನ ತಮ್ಮ ಟೆರಿ ಉಗಿ ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್. ಮನೆಯಲ್ಲಿ ಹುಬ್ಬಳ್ಳಿಯ ಮಾತು, ಹಾಡಿಗೆ ಇಂಗ್ಲಿಷ್. ಇಬ್ಬರಿಗೂ ರಾಕಬಿಲಿಯ ಹುಚ್ಚು. ಗಿಟಾರನ್ನು ಕುಣಿಸುತ್ತ, ಬಿಕ್ಕುತ್ತ ಹಾಡುವ ಹಾಡುಗಳವು. ಅವುಗಳಲ್ಲಿ ದನಿಯ ಬೆನ್ನಿಗೇ ಅದರ ಮಾರ್ದನಿ ಬರಬೇಕು. ದೊಡ್ಡ ಸ್ಟುಡಿಯೋಗಳಲ್ಲಿ ಅದಕ್ಕೊಂದು ಯಂತ್ರವಿರುತ್ತಿತ್ತು. ಇವರಿಗಿದ್ದದ್ದು ರಿಪೇರಿಗೆ ಬಂದು ಖಾಲಿ ಬಿದ್ದಿದ್ದ ಎಂಜಿನ್ನಿನ ಬಾಯ್ಲರ್. ರವಿವಾರ ವರ್ಕ್‌ಶಾಪ್ ಬಿಕೋ ಎನ್ನುತ್ತಿದ್ದಾಗ, ಮೈಕು ಹಿಡಿದು ಅದರೊಳಗೆ ತೂರಿಕೊಂಡರು.

ಹೊರಟ ರೈಲಿಗೆ ಒಂದು ಗಳಿಗೆ ನಿಲ್ಲೆಂದು ಬೇಡುವ ಹಾಡು. ಮೊದಲ ನುಡಿ ಡಡ್ಲಿ ಹಾಡಿದ. ಅಷ್ಟರಲ್ಲಿ ಮಸಿ ಗಂಟಲಿಗಿಳಿದು ಕೆಮ್ಮು ಹತ್ತಿತು.

"ಅಣ್ಣಾ, ನೀ ಸುಮ್ನ ಗಿಟಾರ್ ಬಾರಿಸು. ನಾ ಮುಗಸ್ತೀನಿ," ಎಂದ ಟೆರಿ.

ಎರಡನೆಯ ನುಡಿ ಅವನು ಹಾಡಿದ. ಬಾಯ್ಲರಿನ ಮಾರ್ದನಿಯಲ್ಲಿ ಇಬ್ಬರ ದನಿಯೂ ಒಂದೇ ಆಯಿತು.

ನನ್ನನ್ನು ಮುಂಬಯಿಯ ರೆಕಾರ್ಡ್ ಕಂಪನಿಗೆ ಕಳಿಸಿದರು. ಕಂಪನಿ ಕೆಮ್ಮನ್ನೂ ಮಾತನ್ನೂ ಬಿಟ್ಟು ಉಳಿದದ್ದನ್ನು ಗ್ರಾಮಫೋನ್ ಪ್ಲೇಟು ಮಾಡಿ ನನ್ನನ್ನು ಹಿಂದಕ್ಕೆ ಕಳಿಸಿತು. ಕಂಪನಿಗೆ ಪತ್ರ ಬರೆದವನು ಡಡ್ಲಿ. ಪ್ಲೇಟಿನ ಮೇಲೂ ಅವನದೊಂದೇ ಹೆಸರು. ಅದು ಊರಿಗೆ ಬರುವ ಹೊತ್ತಿಗೆ ಟೆರಿ ಟೈಫಾಯ್ಡಿನಲ್ಲಿ ತೀರಿಕೊಂಡಿದ್ದ. ಆ ವರ್ಷ ರೈಲ್ವೆಯವರ ಕ್ಲಬ್ಬುಗಳಾದ ಇನ್‌ಸ್ಟಿಟ್ಯೂಟುಗಳಲ್ಲಿ ಆ ಹಾಡಿಲ್ಲದೆ ಕುಣಿತ ಶುರುವಾಗುತ್ತಿರಲಿಲ್ಲ. ಜನ ಮುಗಿಬಿದ್ದು ಕೇಳುತ್ತಿದ್ದದ್ದು ಎರಡನೆಯ ನುಡಿಯನ್ನೇ.

ಆಮೇಲೆ ಡಡ್ಲಿ ನನ್ನ ಉಳಿದ ಉದ್ದದಲ್ಲಿ ಹಾಡಿನ ಮೇಲೆ ಹಾಡು ತುಂಬಿದ. ಒಂದೂ ಯಾರಿಗೂ ಬೇಡವಾಯಿತು.

"ಏ ಡಡ್ಲಿ, ಬಾಯ್ಲರ್‌ನ್ಯಾಗs ಮನಿ ಮಾಡೋ! ಹೊರಗ ಬಂದ್ರ ನಿನ್ನ ದನಿ ನೀರಾಗ್ತೈತಿ," ಎಂದು ವರ್ಕ್‌ಶಾಪಿನವರು ನಗುತ್ತಿದ್ದರು. ಅವನೂ ನಗುತ್ತಿದ್ದ.

ನಗದೆ ಇದ್ದವಳು ಟೆರಿಯ ಹೆಂಡತಿ ಫಿಲೋಮಿನಾ. ಒಂದು ಕ್ರಿಸ್ಮಸ್ಸಿನ ದಿನ ಅವಳು ಡಡ್ಲಿಯ ಮನೆಗೆ ಬಂದು ಕೇಳಿದಳು.

"ಬಾವಾ, ಆ ಪ್ಲೇಟಿನ್ಯಾಗ ಎರಡನೇ ನುಡಿ ಹಾಡಿದ್ದೂ ನೀವs ಏನ್ರಿ?"

"ಮತ್ಯಾರು? ಮ್ಯಾಲ ಹೆಸರು ನೋಡಿಲ್ಲೇನು?"

"ನೋಡೀನ್ರಿ. ಆದ್ರ ನಮ್ಮನಿಯವರು ಮಾತಿನ ನಡುವನs ಉಸಿರು ಎಳಕೋತಿದ್ರು. ಅದರಾಗೂ ಹಂಗs ಐತಿ."

"ಅಣ್ಣ ತಮ್ಮ ಅಂದಮ್ಯಾಗ ಒಂದs ಥರ ಇರ್ತೈತಿ, ಫಿಲೋ. ಕೇಕ್ ತಿನ್ನು."

ಅವಳು ಕೇಕ್ ತಿಂದಳು. ಮತ್ತೆ ಕೇಳಲಿಲ್ಲ. ಅವಳ ಬಳಿ ಗಂಡನ ಫೋಟೋ ಇತ್ತು, ಟೋಪಿ ಇತ್ತು, ದನಿ ಮಾತ್ರ ಇರಲಿಲ್ಲ.

ಬಿಗಿಯಾಗಿ ಸುತ್ತಿಟ್ಟ ಟೇಪಿನಲ್ಲಿ ಕಾಲ ಕಳೆದಂತೆ ಒಂದು ಸುತ್ತಿನ ದನಿ ಪಕ್ಕದ ಸುತ್ತಿಗೆ ಸೋರುತ್ತದೆ. ನನ್ನಲ್ಲೂ ಹಾಗೇ ಆಯಿತು. ಬರಬರುತ್ತ ಟೆರಿ ಮಾತಾಡುವ ಮೊದಲು, ಅದೇ ಮಾತು ಗೋಡೆಯಾಚೆಯಿಂದೆಂಬಂತೆ ಸಣ್ಣಗೆ ಕೇಳತೊಡಗಿತು: ಅಣ್ಣಾ. ಮೊದಲ ಸಲ ಅದನ್ನು ಕೇಳಿದ ಡಡ್ಲಿ ಎದ್ದು ಹೋಗಿ ಬಾಗಿಲು ತೆರೆದು ನೋಡಿದ. ಯಂತ್ರ ತಿರುಗುತ್ತಲೇ ಇತ್ತು. ಅಂಗಳದಲ್ಲಿ ಯಾರೂ ಇರಲಿಲ್ಲ.

ನಿವೃತ್ತನಾದ ಮೇಲೆ ಡಡ್ಲಿ, ಪಾದ್ರಿ ತನಗೇ ಬಿಟ್ಟುಕೊಟ್ಟಿದ್ದ ಆ ಯಂತ್ರವನ್ನೂ ನನ್ನನ್ನೂ ರಿಕ್ಷಾದಲ್ಲಿ ಹೇರಿಕೊಂಡು ಫಿಲೋಮಿನಾಳ ಮನೆಗೆ ಬಂದ. ಮೇಜಿನ ಮೇಲಿಟ್ಟು ಗುಂಡಿ ಒತ್ತಿದ. ಮೊದಲ ನುಡಿ ಮುಗಿಯಿತು. ಕೆಮ್ಮು ಬರುವ ಮೊದಲೇ ಅವನ ಬೆರಳು ಯಂತ್ರವನ್ನು ನಿಲ್ಲಿಸಿತು.

"ಮುಂದೇನ್ರಿ?"

"ಮುಂದೇನಿಲ್ಲ. ಹಾಳಾಗೈತಿ. ಇರ್ಲಿ, ನಿನ್ ಹತ್ರನs ಇಟ್ಕೊ."

ಅವನು ಹೋದ ಮೇಲೆ ಫಿಲೋಮಿನಾ ಬಾಗಿಲು ಹಾಕಿ ನನ್ನೆದುರು ಕುಳಿತಳು. ಅವನು ಮೊದಲು ಒತ್ತಿದ ಗುಂಡಿಯನ್ನೇ ಒತ್ತಿದಳು. ಕೆಮ್ಮು ಬಂತು. ಗೋಡೆಯಾಚೆಯ ಅಣ್ಣಾ ಬಂತು. ಆಮೇಲೆ ನಿಜವಾದ ಟೆರಿ ಬಂದ; ನಾ ಮುಗಸ್ತೀನಿ ಎಂದ, ಮಾತಿನ ನಡುವೆ ಉಸಿರೆಳೆದು ಹಾಡಿ ಮುಗಿಸಿದ. ಅವಳು ಸೆರಗನ್ನು ಬಾಯಿಗೊತ್ತಿಕೊಂಡು ಕೇಳಿದಳು.

ಮುಂದಿನ ರವಿವಾರ ಡಡ್ಲಿ ಬಂದ. ಅವಳು ಚಹಾ ಕೊಟ್ಟು, ಯಂತ್ರದ ಮೇಲಿನ ಬಟ್ಟೆ ತೆಗೆದಿಟ್ಟು ಎದುರಿಗೆ ಕುಳಿತಳು. ತಾನಾಗಿ ಕೇಳಬಾರದು, ಅವನೇ ಹೇಳಬೇಕು ಎಂದು ಅವಳಿಗಿತ್ತು. ಅವನು ಮಂಡಿನೋವಿನ ಮಾತಾಡಿದ, ಉಗಿ ಎಂಜಿನ್ನುಗಳನ್ನು ಒಡೆದು ಮಾರಿದ್ದರ ಮಾತಾಡಿದ. ಕಾಲು ನಡೆಸುವಷ್ಟು ಕಾಲ ಪ್ರತಿ ರವಿವಾರವೂ ಬಂದ. ಪ್ರತಿ ಸಲವೂ ಅವಳು ಬಟ್ಟೆ ತೆಗೆದಿಟ್ಟು ಕಾದಳು.

ಈಗ ಯಂತ್ರ ಕೆಟ್ಟಿದೆ. ನಾನು ಅವಳ ಕಪಾಟಿನಲ್ಲಿ, ಟೆರಿಯ ಟೋಪಿಯ ಪಕ್ಕದಲ್ಲಿದ್ದೇನೆ. ಡಡ್ಲಿಯ ಮಣ್ಣಾದ ದಿನ ಸ್ಮಶಾನದಿಂದ ಬಂದ ಅವಳು ನನ್ನನ್ನು ಹೊರತೆಗೆದು ಮಡಿಲಲ್ಲಿಟ್ಟುಕೊಂಡಿದ್ದಳು. ಅವನ ಮೇಲೆ ಅವಳಿಗೆ ಸಿಟ್ಟಿತ್ತೋ ಇಲ್ಲವೋ ನನಗೆ ತಿಳಿಯದು.

ಎರಡನೆಯ ನುಡಿ ಟೆರಿಯದೆಂದು ಡಡ್ಲಿ ಎಂದೂ ಹೇಳಲಿಲ್ಲ.