ಹಾಕದ ಸೂಜಿಗೆ ಕೊಟ್ಟ ಚೀಟಿ

ಸ್ಟವ್ ಮೇಲೆ ಸೂಜಿಗಳು ಕುದಿಯುತ್ತಿವೆ, ಪಾತ್ರೆಯ ತಳಕ್ಕೆ ತಾಗಿ ಟಿಣ್ ಟಿಣ್ ಅನ್ನುತ್ತಿವೆ, ಕೆಂಗೇರಿ ಶಾಲೆಯ ಜಗುಲಿಯಲ್ಲಿ ಕಾಶಿಗೆ ಹೊರಟ ಇಪ್ಪತ್ತು ಜನ, ಒಬ್ಬರೂ ಮುಂದೆ ಬರುತ್ತಿಲ್ಲ, ಹೆಡ್ ಮಾಸ್ಟರು ಶಂಭುಲಿಂಗಪ್ಪನವರು ಮಕ್ಕಳಿಗೆ ಹೇಳಿದಂತೆ ಹೇಳುತ್ತಿದ್ದಾರೆ, ಕುದಿಸಿದ ನೀರೇ ಕುಡೀಬೇಕು, ಕಾಲರಾ ಸೂಜಿ ಹಾಕಿಸ್ಕೊಂಡು ಚೀಟಿ ತಗೊಂಡೇ ರೈಲು ಹತ್ತಬೇಕು — ಹಿಂದಿನಿಂದ ಯಾರೋ, ಮುನಿತಾಯಮ್ಮಂಗೂ ಹಾಕಿದ್ರಲ್ಲ ಸ್ವಾಮಿ, ಏನಾಯ್ತು? ಏನಾಯಿತೆಂದು ನನಗೆ ಗೊತ್ತು, ಕಾಶಿಯ ಛತ್ರದಲ್ಲಿ ವಾಂತಿಭೇದಿ, ಒಂದೇ ಹಗಲು, ಆಕೆಯ ಗಂಟಿನಲ್ಲಿ ಸೂಜಿ ಹಾಕಿದೆ ಎಂಬ ಚೀಟಿ, ಕೆಳಗೆ ನನ್ನ ರುಜು, ನರ್ಸ್ ಜಯದೇವಿ. ಹಾಕಿರಲಿಲ್ಲ. ಎರಡು ತಿಂಗಳ ಹಿಂದೆ, ಇದೇ ಜಗುಲಿ, ಸಾಲಿನ ಕೊನೆಗೆ ಆ ಮುದುಕಿ, ಕೈ ಊದ್ಕೊಂಡ್ರೆ ನನ್ನ ಗಂಟು ಹೊರೋರ್ಯಾರು ತಾಯಿ, ಹಾಕಿದೀನಿ ಅಂತ ಬರ್ಕೊಡು, ನಿನ್ನ ಹೆಸರಲ್ಲೂ ಒಂದು ಮುಳುಗು ಹಾಕ್ತೀನಿ — ನಕ್ಕೆ, ಬರೆದುಕೊಟ್ಟೆ, ಪಾಪ ಅನ್ನಿಸಿತು ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ, ಸುಳ್ಳು, ಕುದಿಸಿಟ್ಟ ಸೂಜಿಗಳು ಮುಗಿದಿದ್ದವು, ಸ್ಟವ್ ಮತ್ತೆ ಹಚ್ಚಬೇಕಿತ್ತು, ಮನೆಗೆ ಹೋಗುವ ಬಸ್ಸು ರಸ್ತೆಯಲ್ಲಿ ಹಾರನ್ನು ಹೊಡೆಯುತ್ತಿತ್ತು, ಅಷ್ಟೇ, ಬಸ್ಸು. ಈಗ ಅವಳ ಮಗಳು ಚಿಕ್ಕಲಕ್ಷ್ಮಮ್ಮ ಎದ್ದು ನಿಂತಿದ್ದಾಳೆ, ತಾಯಿ ಸತ್ತ ಊರನ್ನು ಕಣ್ಣಾರೆ ನೋಡಿ ಬರಲು ಹೊರಟವಳು, ಜನರಿಗೆ ಕೈ ಮುಗಿದು, ನರ್ಸಮ್ಮೋರ್ನ ಏನೂ ಅನ್ಬೇಡಿ, ಅವರು ಹಾಕಿದ್ರು, ನಮ್ಮವ್ವನ ಹಣೆಬರ — ನನ್ನ ಪರವಾಗಿ, ಇವಳು, ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಸೂಜಿ ದಂಡವೆಂದುಕೊಂಡು ಈ ಇಪ್ಪತ್ತು ಜನರೂ ಎಲ್ಲಿಂದಲೋ ಒಂದು ಚೀಟಿ ಮಾಡಿಸಿಕೊಂಡು ರೈಲು ಹತ್ತುತ್ತಾರೆ, ಹಾಕಿರ್ಲಿಲ್ಲ ಕಣಮ್ಮ, ಯಾರ ದನಿ, ನನ್ನದೇ, ಸುಮ್ನೆ ಬರ್ಕೊಟ್ಟೆ, ನಿಮ್ಮವ್ವಂಗೆ ನಾನು ಸೂಜಿ ಹಾಕೇ ಇಲ್ಲ. ಮಾಸ್ಟರು ಕನ್ನಡಕ ತೆಗೆದು ನನ್ನನ್ನೇ ನೋಡುತ್ತಿದ್ದಾರೆ, ಅವಳು ಹತ್ತಿರ ಬರುತ್ತಾಳೆ, ಹೊಡೆಯಲಿ, ಹೊಡೆದರೆ ಸಾಕು, ಹೊಡೆಯುವುದಿಲ್ಲ, ರವಿಕೆಯ ತೋಳನ್ನು ಭುಜದವರೆಗೂ ಸರಿಸುತ್ತಾಳೆ, ಇಷ್ಟು ಹೊತ್ತು ನರ್ಸಮ್ಮೋರು ಅಂದವಳು, ಹಾಕು, ನನ್ನ ಕಣ್ಣೆದುರಿಗೇ ಹಾಕು, ಎಲ್ರೂ ನೋಡ್ಲಿ — ಮುಖ ನೋಡಲಾರೆ, ತೋಳು ಮಾತ್ರ ಕಾಣುತ್ತದೆ, ಬಿಸಿಲಿಗೆ ಕಂದಿದ ತೋಳು, ಸ್ಪಿರಿಟ್ಟಿನ ಹತ್ತಿ ಒತ್ತುತ್ತೇನೆ, ಸೂಜಿ ಚುಚ್ಚುತ್ತೇನೆ, ಅದು ಅಲ್ಲಾಡದೆ ನಿಂತಿದೆ, ಆ ತೋಳು, ಆ ತೋಳು