ಮುಂಬಾಗಿಲ ಜಾಲರಿ

ಇನ್ನು ಮುಂದೆ ಕೆಲಸಗಾರರ ಸುರಕ್ಷತೆಯೂ ವ್ಯಾಪಾರವೂ ಜೊತೆಯಾಗಿ ಹೆಜ್ಜೆ ಹಾಕಬೇಕು ಎಂದು ಕಾರ್ಖಾನೆಯ ಯಜಮಾನರು ಸಭೆಯಲ್ಲಿ ಸಾರಿದಾಗ ಮೇಸ್ತ್ರಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ತಗಡು ಕತ್ತರಿಸುವ ಎರಡು ಯಂತ್ರಗಳಿಗೆ ಬೆರಳು ಕಾಯುವ ಜಾಲರಿ ಹಾಕಿಸಿ ಎಂದು ಅವನು ಕೇಳುತ್ತಲೇ ಇದ್ದ. ಅದೆಲ್ಲ ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಗಿತ್ತು.

ಈಗ ಜಾಲರಿಗಳು ಬಂದು ಎರಡೂ ಯಂತ್ರಗಳ ಮೇಲೆ ಕೂತವು. ಯಜಮಾನರು ಬಂದು ನೋಡಿ ತಲೆದೂಗಿದರು.

"ಇಷ್ಟು ಚೆನ್ನಾಗಿರೋದು ಒಳಗಡೆ ಬಿದ್ದಿದ್ರೆ ಗಿರಾಕಿಗಳಿಗೆ ಹೇಗ್ರೀ ಕಾಣ್ಸುತ್ತೆ?"

ಮೊದಲನೇ ಯಂತ್ರದ ಜಾಲರಿ ಕಳಚಿ, ಹಳದಿ ಬಣ್ಣ ಬಳಿದುಕೊಂಡು, ಮುಂಬಾಗಿಲಲ್ಲಿ ದೀಪದ ಕೆಳಗೆ ಹೋಗಿ ನಿಂತಿತು.

"ಸರ್, ಅಲ್ಲಿ ಮಷೀನು ಬಾಯಿ ಬಿಟ್ಕೊಂಡು ಕೂತಿದೆ," ಎಂದು ಮೇಸ್ತ್ರಿ ಹಲ್ಲು ಕಚ್ಚಿ ಹೇಳಿದ.

"ಹುಷಾರಾಗಿರೋಕೆ ಹೇಳ್ರೀ. ಮಾತಿಗೇನು ಖರ್ಚಾಗುತ್ತೆ?"

ದೊಡ್ಡ ಗಿರಾಕಿ ಬಂದರು. ಜಾಲರಿ ನೋಡಿ ಮೆಚ್ಚಿ, ಅದರ ಅಂಚು ಸವರಲು ಕೈ ಚಾಚಿದರು. ಯಜಮಾನರು ಹಾರಿಬಿದ್ದು ಆ ಕೈ ಹಿಡಿದುಕೊಂಡರು.

"ಅಯ್ಯಯ್ಯೋ, ಮುಟ್ಬೇಡಿ! ಚೂಪಾಗಿದೆ!"

ಗಿರಾಕಿಯ ಬೆರಳಿಗೆ ಗೀರು ಬಿದ್ದರೆ ವ್ಯಾಪಾರದ ಗತಿಯೇನು? ಅವರನ್ನು ಬೀಳ್ಕೊಟ್ಟ ಕೂಡಲೇ ಯಜಮಾನರು ಮೇಸ್ತ್ರಿಯನ್ನು ಕರೆಸಿದರು.

"ನೀವು ಹೇಳ್ತಿದ್ದದ್ದು ನಿಜ ಕಣ್ರೀ. ಬೆರಳಿನ ವಿಷಯದಲ್ಲಿ ಉದಾಸೀನ ಮಾಡ್ಬಾರ್ದು. ಇದನ್ನ ಯಾರೂ ಮುಟ್ಟದ ಹಾಗೆ ಮುಂದೆ ಏನಾದ್ರೂ ಅಡ್ಡ ಇಡ್ಬೇಕು."

ಅಡ್ಡ ಇಡಲು ಒಂದು ಹಲಗೆ ತರೋಣವೆಂದು ಮೇಸ್ತ್ರಿ ತಿರುಗಿದ.

"ಹೋಗಿ, ಆ ಎರಡನೇ ಮಷೀನಿನ ಜಾಲರಿ ಬಿಚ್ಕೊಂಡು ಬನ್ನಿ."