ಲೈನಿನಲ್ಲಿದ್ದ ತಾತ

ಲಾಕ್‌ಡೌನ್ ತೆಗೆಯಬೇಕೋ ಬೇಡವೋ ಎಂಬ ಜಗಳಕ್ಕೆ ಊರಿನ ರೇಡಿಯೋ ಕೇಂದ್ರ ದಿನಾ ಬೆಳಿಗ್ಗೆ ಒಂದು ಗಂಟೆ ಬಿಟ್ಟುಕೊಟ್ಟಿತ್ತು. ಅದನ್ನು ನಡೆಸುತ್ತಿದ್ದ ನಿರೂಪಕಿ ಅಲ್ಲಿಯವರೆಗೆ ಹಾಡು, ಹವಾಮಾನ, ಹುಟ್ಟುಹಬ್ಬದ ಶುಭಾಶಯ ಎಂದು ಗಂಟಲು ಸವೆಸಿಕೊಂಡು ಬಂದವಳು. ಹಿಂದೆ ಅಂಗಡಿಯಲ್ಲಿ ಯಾರೂ ತಿರುಗಿ ನೋಡದಿದ್ದವಳನ್ನು ಈಗ ಮಾಸ್ಕು ಹಾಕಿದ್ದರೂ ದನಿಯಿಂದಲೇ ಗುರುತು ಹಿಡಿಯುತ್ತಿದ್ದರು. "ಏನಮ್ಮಾ, ಆ ಬಸ್ ಡ್ರೈವರು ನಿನ್ನೆ ಹೇಗೆ ತರಾಟೆಗೆ ತಗೊಂಡ ನೋಡು!" ಎಂದು ಒಬ್ಬರು. "ಡ್ರೈವರಿಗೇನ್ ಗೊತ್ತು? ಆ ತಾತನ ಮಾತು ಕೇಳಿ ನಮ್ಮನೇಲಿ ಎಲ್ಲಾ ಅತ್ತುಬಿಟ್ರು" ಎಂದು ಇನ್ನೊಬ್ಬರು. ಇಬ್ಬರೂ ಅಲ್ಲೇ ಶುರು ಹಚ್ಚಿಕೊಳ್ಳುತ್ತಿದ್ದರು.

ಮತ್ತೆ ಮತ್ತೆ ಫೋನ್ ಮಾಡುತ್ತಿದ್ದ ಆ ಡ್ರೈವರು ಮತ್ತು ತಾತ ಕಾರ್ಯಕ್ರಮದ ಎರಡು ಕಣ್ಣುಗಳಾಗಿದ್ದರು. "ರೋಗದಿಂದ ಸಾಯೋದು ಆಮೇಲಿನ ಮಾತು. ಗೋಡೆ ನೋಡ್ಕೊಂಡು ಕೂತು ದಿನಾ ಸಾಯ್ತಿದ್ದೀನಲ್ಲ, ಇದನ್ನ ಯಾರು ಕೇಳ್ತಾರೆ?" ಎಂದು ಡ್ರೈವರು ಗುಡುಗಿದರೆ, ತಾತ ಮೆಲ್ಲಗೆ, "ಎಲ್ಲಾ ತೆಗೀರಪ್ಪಾ, ಬೇಡ ಅನ್ನಲ್ಲ. ನಾವೂ ಕೆಲವರು ಇನ್ನೂ ಇದ್ದೀವಿ ಅಂತ ನೆನಪಿಟ್ಕೊಂಡು ತೆಗೀರಿ" ಎನ್ನುತ್ತಿದ್ದ. ಅಂಗಡಿಗಳಲ್ಲಿ ಬೆಳಗಿನ ಮೊದಲ ಗಂಟೆ ವಯಸ್ಸಾದವರಿಗೆ ಮಾತ್ರ ಇರಲಿ ಎಂದು ಕೇಳಿದವನೂ ತಾತನೇ. ಊರು ತೆರೆಯುವುದನ್ನು ತೀರ್ಮಾನಿಸಬೇಕಿದ್ದ ನಗರ ಸಮಿತಿಯವರು ಅದನ್ನು ಗಂಭೀರವಾಗಿ ತೆಗೆದುಕೊಂಡಿದ್ದಾರೆಂದು ಸುದ್ದಿಯಿತ್ತು.

ನಿರೂಪಕಿಗೆ ಅನುಮಾನ ಹುಟ್ಟಿದ್ದು ಒಂದು ಉಸಿರಿನಿಂದ. "ಒಂದು ಮಾತು... ಒಂದೇ ಒಂದು ಮಾತು" ಎಂದು ತಾತ ನಡುವೆ ಉಸಿರು ಎಳೆದುಕೊಂಡ. ಅದೇ ಮಾತು, ಅದೇ ಜಾಗದಲ್ಲಿ ಅದೇ ಉಸಿರು ಹಿಂದಿನ ದಿನ ಡ್ರೈವರನದಾಗಿತ್ತಲ್ಲ! ಅಂದಿನಿಂದ ಅವಳು ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡು ಕೂತಳು. ಗಂಡನನ್ನು ಆಸ್ಪತ್ರೆಗೆ ಕಳಿಸಿ ಮನೆಯಲ್ಲಿ ಕಾಯುತ್ತಿದ್ದೇನೆ ಎಂದ ಹೆಂಗಸೂ ಅಲ್ಲೇ ಉಸಿರೆಳೆದಳು. ಪಾಠ ಮರೆತ ಮಕ್ಕಳ ಬಗ್ಗೆ ಕೊರಗಿದ ಮೇಷ್ಟರೂ ಅಷ್ಟೇ.

"ಸಾರ್, ಈ ಕರೆ ಮಾಡೋರೆಲ್ಲ ನಿಜವಾದೋರೇನಾ?" ಎಂದು ಮ್ಯಾನೇಜರನ್ನು ಕೇಳಿದಳು.

ಮ್ಯಾನೇಜರು ಗಾಜಿನ ಕೋಣೆಯಿಂದ ತಲೆಯೆತ್ತಲೂ ಇಲ್ಲ. "ಸುಳ್ಳು ಜನ ಅಂತ ಬೇರೆ ಇರ್ತಾರೇನಮ್ಮಾ?"

ಅವಳ ಮನಸ್ಸು ಸುಮ್ಮನಾಗಲಿಲ್ಲ. ಕರೆ ನಡೆಯುವಾಗ ಮ್ಯಾನೇಜರು ಬಾಗಿಲು ಹಾಕಿಕೊಳ್ಳುವುದೇಕೆ? ವರ್ತಕರ ಸಂಘದ ಅಧ್ಯಕ್ಷರು ವಾರಕ್ಕೆರಡು ಸಲ ಬಂದು ಹೋಗುವುದೇಕೆ? ಕಾಫಿ ತಂದಿಟ್ಟವನು ಅವಳ ಮುಖ ನೋಡಿ ನಕ್ಕದ್ದೇಕೆ? ಊರೇ ಆ ದಿನಗಳಲ್ಲಿ ಹಾಗಿತ್ತು. ಯಾರಾದರೂ ಸೀನಿದರೆ ಬೀದಿಯ ಕಿಟಕಿಗಳೆಲ್ಲ ಒಮ್ಮೆ ಅಲುಗುತ್ತಿದ್ದವು.

ಹಾಗಿರುವಾಗ ಒಂದು ಬೆಳಿಗ್ಗೆ, ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ಅವಳಿಗೇ ಕೆಮ್ಮು ಬಂತು. ಒಂದು ಕೆಮ್ಮಿಗೆ ಮೂರು ಕುರ್ಚಿಗಳು ಹಿಂದೆ ಸರಿದವು. "ಇವತ್ತು ನಾನೇ ನೋಡ್ಕೋತೀನಿ, ನೀನು ಹೊರಡಮ್ಮ" ಎಂದು ಮ್ಯಾನೇಜರು ಮೈಕಿನ ಮುಂದೆ ಕೂತರು. ಅವಳು ತಪ್ಪು ಮಾಡಿದವಳಂತೆ ತಲೆ ತಗ್ಗಿಸಿ ಮನೆಗೆ ನಡೆದಳು.

ಮನೆಯಲ್ಲಿ ಇದ್ದದ್ದು ಅವಳು, ಅಣ್ಣ, ಅತ್ತಿಗೆ. ಅಣ್ಣ ನಾಟಕದವನು. ರಂಗಮಂದಿರಕ್ಕೆ ಬೀಗ ಬಿದ್ದ ಮೇಲೆ ಮೊದಮೊದಲು ಕನ್ನಡಿಯ ಮುಂದೆ ಕೂತಿರುತ್ತಿದ್ದ, ಆಮೇಲೆ ಹಾಸಿಗೆ ಬಿಟ್ಟು ಏಳುವುದನ್ನೇ ನಿಲ್ಲಿಸಿದ್ದ. ಇತ್ತೀಚೆಗೆ ಮಾತ್ರ ಗಡ್ಡ ಬೋಳಿಸಿಕೊಂಡು ಲವಲವಿಕೆಯಾಗಿದ್ದ. ಅತ್ತಿಗೆ ಅದಕ್ಕೇ ಹಿಗ್ಗಿ, ಹೆಚ್ಚು ಕೆದಕಲು ಹೋಗಿರಲಿಲ್ಲ.

ನಿರೂಪಕಿ ಹಿತ್ತಲ ಬಾಗಿಲಿನಿಂದ ಒಳಗೆ ಬಂದಾಗ ಅಡುಗೆಮನೆಯ ರೇಡಿಯೋ ಮಾತಾಡುತ್ತಿತ್ತು, ಅತ್ತಿಗೆ ಮಾಳಿಗೆಯ ಮೇಲೆ ಬಟ್ಟೆ ಹರವುತ್ತಿದ್ದಳು. ಅಣ್ಣನ ಕೋಣೆಯ ಬಾಗಿಲು ಮುಚ್ಚಿತ್ತು. ಒಳಗಿನಿಂದ ತಾತನ ದನಿ ಬಂತು: "ಒಂದು ಮಾತು... ಒಂದೇ ಒಂದು ಮಾತು." ಅವಳು ನಿಂತಲ್ಲೇ ನಿಂತಳು. ಬೈಗುಳ ಬಂದರೆ ಕತ್ತರಿಸಲು ಅನುವಾಗಲೆಂದು ಕೇಂದ್ರದವರು ಪ್ರಸಾರವನ್ನು ಕೆಲವು ಕ್ಷಣ ತಡವಾಗಿ ಹೊರಬಿಡುತ್ತಿದ್ದರು. ಆ ಕ್ಷಣಗಳು ಕಳೆದವು. ಅಡುಗೆಮನೆಯ ರೇಡಿಯೋ, "ಒಂದು ಮಾತು... ಒಂದೇ ಒಂದು ಮಾತು" ಎಂದಿತು.

ಬಾಗಿಲು ತಳ್ಳಿದಾಗ ಅಣ್ಣ ಬೆನ್ನು ಬಾಗಿಸಿ, ಒಂದು ಕೈ ಮಂಡಿಯ ಮೇಲೆ ನಡುಗಿಸುತ್ತ ಕೂತಿದ್ದ. ಯಾರೂ ನೋಡದ ವೇಷಕ್ಕೂ ಅವನು ಹೆಗಲಿಗೆ ಶಾಲು ಹೊದ್ದಿದ್ದ.

"ಅಣ್ಣಾ!"

ಅವನು ಫೋನು ಇಟ್ಟ. ಸ್ವಲ್ಪ ಹೊತ್ತು ಬೆನ್ನು ನೇರವಾಗಲೇ ಇಲ್ಲ. "ಕೂತ್ಕೋ ಪುಟ್ಟೀ" ಎಂದ. "ಮೊದಲ ದಿನಗಳಲ್ಲಿ ನಿನ್ನ ಕಾರ್ಯಕ್ರಮಕ್ಕೆ ಒಂದು ನರಪಿಳ್ಳೇನೂ ಫೋನ್ ಮಾಡ್ಲಿಲ್ಲ, ನೆನಪಿದ್ಯಾ? ನಿಲ್ಲಿಸಿಬಿಡೋದ್ರಲ್ಲಿದ್ರು. ನಿಮ್ಮ ಮ್ಯಾನೇಜರು ನನ್ನ ಕೇಳಿದ್ರು, ಸ್ವಲ್ಪ ಬಿಸಿ ಹತ್ತಿಸಿಕೊಡು ಅಂತ."

"ಎಲ್ಲರೂ ನೀನೇನಾ?"

"ಎಲ್ಲರೂ ಅಲ್ಲ. ಆಮೇಲಾಮೇಲೆ ನಿಜವಾದ ಜನ ಬಂದ್ರು. ನಾನು ಬರೀ ಐದಾರು ಮಂದಿ."

"ಬರೀ ಅಂತೆ! ತೆಗೀಬೇಕು ಅಂತಾನೂ ನೀನೇ, ಹುಷಾರು ಅಂತಾನೂ ನೀನೇ. ನಿನ್ನ ಮನಸ್ಸಲ್ಲಿ ಏನಿದೆ ಹೇಳು ನೋಡೋಣ."

ಅಣ್ಣ ಯೋಚಿಸಿದ. "ಡ್ರೈವರಾಗಿದ್ದಾಗ ತೆಗೀಲೇಬೇಕು ಅನ್ಸತ್ತೆ, ಎದೆ ಉರಿಯತ್ತೆ. ತಾತ ಆದಾಗ ಭಯ ಆಗತ್ತೆ ಕಣೇ, ನಿಜವಾದ ಭಯ. ನಾನಾಗಿದ್ದಾಗ ಏನೂ ಅನ್ಸಲ್ಲ." ಆಮೇಲೆ ದನಿ ತಗ್ಗಿಸಿ, "ಇವತ್ತೇ ತಾತನ ಕೊನೇ ದಿನ. ನಾಳೆಯಿಂದ ತಾತ ಬೇಡ, ಬರೀ ಡ್ರೈವರು ಸಾಕು ಅಂದಿದ್ದಾರೆ."

"ಯಾರು?"

"ಮ್ಯಾನೇಜರು."

"ಅವರಿಗೆ ಯಾರು ಹೇಳಿದ್ದು?"

ಅಣ್ಣ ಭುಜ ಕುಣಿಸಿದ. ಆ ಪ್ರಶ್ನೆ ಅವನಿಗೆ ಹೊಳೆದೇ ಇರಲಿಲ್ಲವೋ, ಹೊಳೆದದ್ದನ್ನು ಬದಿಗಿಟ್ಟಿದ್ದನೋ, ಒಡಹುಟ್ಟಿದವಳಿಗೂ ತಿಳಿಯಲಿಲ್ಲ. ಅವನ ಮುಖವನ್ನು ನಂಬಬಾರದೆಂದು ಅವಳಿಗೆ ಮೊದಲ ಸಲ ಅನಿಸಿದ್ದು ಆಗ.

ಪರೀಕ್ಷೆಯಲ್ಲಿ ರೋಗವಿಲ್ಲವೆಂದು ಬಂದ ಮೇಲೆ ಅವಳು ಕೆಲಸಕ್ಕೆ ಹೋದಳು. ಅಂದು ಸಮಿತಿಯ ಕೊನೆಯ ಸಭೆ. ಸದಸ್ಯರೂ ಕಾರ್ಯಕ್ರಮ ಕೇಳುತ್ತಿದ್ದಾರೆಂದು ಮ್ಯಾನೇಜರು ಎರಡೆರಡು ಸಲ ಹೇಳಿ, "ಹುಷಾರಾಗಿ ನಡೆಸಮ್ಮ" ಎಂದರು. ಪ್ರಸಾರದ ಕೆಂಪು ದೀಪ ಹತ್ತಿತು. ಅವಳು ಬರೆದುಕೊಂಡು ಬಂದದ್ದನ್ನೆಲ್ಲ ಬಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು: ಡ್ರೈವರು, ತಾತ, ಮೇಷ್ಟರು, ಆ ಹೆಂಗಸು, ಎಲ್ಲರೂ ಒಬ್ಬನೇ, ಅವನು ತನ್ನ ಅಣ್ಣ.

ಜನ ಮೆಚ್ಚುತ್ತಾರೆಂದು ಅವಳು ಎಣಿಸಿರಲಿಲ್ಲ, ನಂಬುತ್ತಾರೆಂದು ಮಾತ್ರ ಎಣಿಸಿದ್ದಳು. ಮೊದಲ ಕರೆಯಲ್ಲೇ, "ನಿಮ್ಮನ್ನ ಯಾರು ಬುಟ್ಟಿಗೆ ಹಾಕ್ಕೊಂಡ್ರಮ್ಮ? ಬಾಗಿಲು ತೆಗೆಯೋದು ಬೇಡ ಅನ್ನೋರೇ ತಾನೇ?" ಎಂಬ ಕೊಂಕು. ಎರಡನೆಯವರು, ಇಲ್ಲ, ವರ್ತಕರೇ ಹೇಳಿಸಿದ್ದು ಎಂದರು. ಮೂರನೆಯವನು ನಿಜವಾಗಿಯೂ ಬಸ್ ಡ್ರೈವರು. "ಹಾಗಾದ್ರೆ ನಾನೂ ಸುಳ್ಳಾ? ಬರ್ಲಾ ಬಸ್ ತಗೊಂಡು ನಿಮ್ಮ ಬಾಗಿಲಿಗೆ?" ಎಂದು ಕೂಗಾಡಿ ಫೋನಿಟ್ಟ.

ನಾಲ್ಕನೆಯದು ನಡುಗುವ ದನಿ. "ಅಮ್ಮಾ, ಆ ತಾತ ಇಲ್ಲ ಅಂದ್ರೆ... ಅವನು ನನ್ನ ಮಾತನ್ನೇ ಹೇಳ್ತಿದ್ದ. ಈಗ ನಮ್ಮ ಪರವಾಗಿ..." ಎಂದು ಉಸಿರು ಎಳೆದುಕೊಂಡಿತು.

ಅವಳ ಪಿತ್ತ ನೆತ್ತಿಗೇರಿತು. "ಅಣ್ಣಾ, ಸಾಕು ಮಾಡು! ಇನ್ನೂ ನಾಚಿಕೆ ಇಲ್ವಾ ನಿಂಗೆ?"

ಅವಳು ತಲೆಯೆತ್ತಿದಳು. ಗಾಜಿನ ಆಚೆ, ಮ್ಯಾನೇಜರ ಪಕ್ಕದಲ್ಲಿ ಅಣ್ಣ ನಿಂತಿದ್ದ. ರೇಡಿಯೋ ಕೇಳಿ ಮನೆಯಿಂದ ಓಡಿಬಂದಿದ್ದನೇನೋ, ಏದುಸಿರು ಬಿಡುತ್ತಿದ್ದ. ಎರಡೂ ಕೈ ಮೇಲೆತ್ತಿ ಅಂಗೈ ಬಿಡಿಸಿ ತೋರಿಸಿದ. ಕೈಯಲ್ಲಿ ಫೋನಿರಲಿಲ್ಲ.

"ನಾನು ಯಾರ ಅಣ್ಣನೂ ಅಲ್ಲಮ್ಮ" ಎಂದಿತು ಕಿವಿಯಲ್ಲಿದ್ದ ದನಿ. ಕರೆ ಕಡಿದುಹೋಯಿತು.

ಸೋಮವಾರದಿಂದ ಊರು ತೆರೆಯಿತು. ವಯಸ್ಸಾದವರಿಗೆಂದು ಮೊದಲ ಗಂಟೆ ಕಾದಿಡುವ ಮಾತನ್ನು ಸಮಿತಿ ಕೈಬಿಟ್ಟಿತು. "ಅದನ್ನ ಕೇಳಿದ ತಾತನೇ ಸುಳ್ಳು ಅಂತ ರೇಡಿಯೋದವರೇ ಹೇಳಿದ್ರಲ್ಲ" ಎಂದು ಒಬ್ಬ ಸದಸ್ಯರು ನಕ್ಕರಂತೆ. ಡ್ರೈವರೂ ಸುಳ್ಳೇ ಎಂದು ಯಾರಿಗೂ ನೆನಪಾಗಲಿಲ್ಲ. ಮಾರುಕಟ್ಟೆಯ ಬೀಗ ತೆಗೆಯುವಾಗ ವರ್ತಕರ ಅಧ್ಯಕ್ಷರ ಪಕ್ಕದಲ್ಲಿ ಮ್ಯಾನೇಜರು ನಿಂತಿದ್ದನ್ನು ಅವಳು ಬೀದಿಯ ಈ ಕಡೆಯಿಂದ ನೋಡಿದಳು. ಮ್ಯಾನೇಜರು ಸಂಕೋಚವಿಲ್ಲದೆ ಕೈ ಬೀಸಿದರು. ಅದು ಬರೀ ಸ್ನೇಹವೋ, ಲೆಕ್ಕಾಚಾರವೋ, ಅವಳಿಗೆ ಇಂದಿಗೂ ಬಗೆಹರಿದಿಲ್ಲ. ಅಣ್ಣ ಅವಳೊಂದಿಗೆ ಮಾತು ಬಿಟ್ಟಿದ್ದ. ಬೇಕಾದ್ದನ್ನು ಅವಳಿಗೆ ಕೇಳಿಸುವಂತೆ ಅತ್ತಿಗೆಗೆ ಹೇಳುತ್ತಿದ್ದ, ತನ್ನ ಸ್ವಂತ ದನಿಯಲ್ಲಿ.

ಆ ನಾಲ್ಕನೆಯ ಕರೆ ಬಂದ ನಂಬರು ಕೇಂದ್ರದ ಫೋನಿನಲ್ಲಿ ಉಳಿದಿತ್ತು. ಅವಳು ದಿನವೂ ಪ್ರಯತ್ನಿಸಿದಳು. ಕೊನೆಗೊಮ್ಮೆ ಎತ್ತಿದರು.

"ತಾತಾ, ನಾನು ರೇಡಿಯೋದವಳು. ಅವತ್ತು ನಿಮ್ಮನ್ನ..."

"ಸಿಕ್ಕಿದ್ನಾ ನಿಮ್ಮಣ್ಣ?"

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಸಿಕ್ಕಿದ ತಾತಾ. ಅವತ್ತು ಏನೋ ಹೇಳೋಕೆ ಬಂದಿದ್ರಿ. ಈಗ ಹೇಳಿ, ನಾನು ಎಲ್ಲರಿಗೂ ಕೇಳಿಸ್ತೀನಿ."

"ಈಗ ಯಾಕಮ್ಮಾ, ಎಲ್ಲಾ ತೆಗೆದಾಯ್ತಲ್ಲ." ಆಮೇಲೆ ಕೇಳಿದರು, "ನಮ್ಮ ಕಿಟಕಿಯಿಂದ ಬೀದಿ ಕಾಣಲ್ಲ. ಅಂಗಡೀಲಿ ಜನ ಎಷ್ಟಿದ್ದಾರೆ?"

ಸುಳ್ಳು ಹೇಳೋಣವೆಂದು ಅವಳ ನಾಲಿಗೆಯ ತುದಿಗೆ ಬಂದಿತ್ತು.

"ತುಂಬಿದ್ದಾರೆ ತಾತಾ" ಎಂದಳು.

"ಹಾಗಾದ್ರೆ ಇವತ್ತೂ ಇಳಿಯಲ್ಲ ಬಿಡು."

"ನಿಮ್ಮ ಮನೆ ಎಲ್ಲಿ ಅಂತ ಹೇಳಿ. ಏನು ಬೇಕೋ ನಾನು ತಂದುಕೊಡ್ತೀನಿ."

ತಾತ ಮೆತ್ತಗೆ, ಅವಳಿಗೆ ಎಲ್ಲಿ ಬೇಸರವಾಗುತ್ತದೋ ಎಂಬಂತೆ ಕೇಳಿದರು:

"ನೀನು ಆ ರೇಡಿಯೋದವಳೇ ಅಂತ ನಾನು ಹೇಗಮ್ಮಾ ನಂಬಲಿ?"